ತಗಡಿನ ಮೇಲೆ ಮದುಮಗಳು

ಮಗಳು ಇಲ್ಕಾ ಗಂಡನ ಮನೆ ಬಿಟ್ಟು ಬಂದಾಗ ಎತೆಲ್ಕ ಅಂಗಳದಲ್ಲಿ ಕೂತು ಏಪ್ರಿಕಾಟ್ ಹಣ್ಣಿನ ಬೀಜ ಬಿಡಿಸುತ್ತಿದ್ದಳು. ಜುಲೈ ತಿಂಗಳು. ಆ ಹೊತ್ತಿಗೆ ಕೆಚ್ಕೆಮೇತ್ ಊರಿನಲ್ಲಿ ಯಾರ ಮನೆಗೆ ಹೋದರೂ ಅದೇ ಕೆಲಸ, ಅದೇ ವಾಸನೆ, ಅದೇ ಕಣಜಗಳ ಕಾಟ. ಇಲ್ಕಾ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕಂಕುಳಲ್ಲಿ ರಬ್ಬರ್ ಗಿಡದ ಕುಂಡ ಇಟ್ಟುಕೊಂಡು, ಕಾಲಿನಿಂದ ಗೇಟು ತಳ್ಳಿ ಒಳಗೆ ಬಂದಳು.

"ಗೆಲ್ಲೇರ್ಟ್ ಎಲ್ಲೇ?" ಎಂದಳು ಎತೆಲ್ಕ.

"ಅವನ ಮನೇಲಿ."

"ಅವನ ಮನೆ ಅಂದ್ರೆ?"

"ನಿನ್ನೆವರೆಗೂ ನಮ್ಮನೆ ಅಂತಿದ್ದೆನಲ್ಲ, ಅದು."

ಎತೆಲ್ಕಳ ಕೈಯಲ್ಲಿದ್ದ ಚಾಕು ನಿಂತಿತು. ಗೋಡೆ ಪಕ್ಕದ ಬೆಂಚಿನಲ್ಲಿ ಕಪ್ಪು ವಸ್ತ್ರ ತಲೆಗೆ ಕಟ್ಟಿಕೊಂಡು ತೂಕಡಿಸುತ್ತಿದ್ದ ಅತ್ತೆ ಪಿರೋಶ್ಕ ಒಂದು ಕಣ್ಣು ತೆರೆದಳು.

"ಹೊಡೆದ್ನೇನೇ?"

"ಇಲ್ಲಜ್ಜಿ."

"ಕುಡೀತಾನಾ?"

"ಅಪ್ಪನಷ್ಟೂ ಇಲ್ಲ."

"ಹಾಗಾದ್ರೆ ಬೇರೆ ಹೆಂಗಸು."

ಇಲ್ಕಾ ನಕ್ಕಳು. ನಗು ಬಂದ ಹಾಗೆಯೇ ಹೋಯಿತು. "ಇದ್ದಿದ್ರೆ ಸಲೀಸಾಗ್ತಿತ್ತು. ಹೋಗಿ ಅವಳ ಜುಟ್ಟು ಹಿಡೀಬಹುದಿತ್ತು." ಇಷ್ಟು ಹೇಳಿ ಗಿಡವನ್ನು ನೆರಳಿಗಿಟ್ಟು, ಒಂದು ಚಾಕು ತಂದು ಅಮ್ಮನ ಎದುರು ಕೂತು ಹಣ್ಣು ಬಿಡಿಸತೊಡಗಿದಳು. ಎತೆಲ್ಕ ಕೇಳಿದ್ದಕ್ಕೆಲ್ಲ, "ಏನೂ ಆಗಿಲ್ಲಮ್ಮ" ಎನ್ನುವುದೊಂದೇ ಉತ್ತರ. ಏನೂ ಆಗದೆ ಯಾರು ಸೂಟ್‌ಕೇಸು ತರುತ್ತಾರೆ ಎಂದು ಎತೆಲ್ಕಳಿಗೆ ಹೊಳೆಯಲಿಲ್ಲ. ಆ ದಿನದ ಜಾಮು ತಳ ಹಿಡಿಯಿತು.

ಬೇಸಿಗೆಯಲ್ಲಿ ಜಾಮು ಕಾಸಲಿಕ್ಕೆಂದೇ ಅವರ ಅಂಗಳದ ಮೂಲೆಯಲ್ಲಿ ಬೇರೆ ಅಡಿಗೆಮನೆಯೊಂದಿತ್ತು. ಆ ಊರಿನ ಹಳೇ ಮನೆಗಳಿಗೆಲ್ಲ ಇರುವಂಥದ್ದು. ಆದರೆ ಗಂಡ ಬೆರ್ತಲಾನ್ ಅದನ್ನು ತನ್ನ ಕೆಲಸದ ಕೋಣೆ ಮಾಡಿಕೊಂಡಿದ್ದ. ಅಲ್ಲಿ ಈಗ ಒಲೆಯ ಜಾಗದಲ್ಲಿ, ಲೋಹದ ಮೇಲೆ ಗಾಜಿನ ಬಣ್ಣ ಕರಗಿಸಿ ಎನಾಮಲ್ ಸುಡುವ ಸಣ್ಣ ಕರೆಂಟಿನ ಕುಲುಮೆ, ಉಪ್ಪು ಸಕ್ಕರೆಯ ಡಬ್ಬಿಗಳಲ್ಲಿ ಬಣ್ಣದ ಗಾಜಿನ ಪುಡಿ. ಎತೆಲ್ಕ ಒಳಗಿನ ಅಡಿಗೆಮನೆಯಲ್ಲಿ ಬೆವರು ಸುರಿಸುತ್ತ ಬೇಯಿಸಬೇಕಿತ್ತು. ಕುಲುಮೆ ಹಚ್ಚಿದಾಗಲೆಲ್ಲ ಮನೆಯ ಫ್ಯೂಸು ಹಾರಿ, ಅರ್ಧ ಬೆಂದ ಕೇಕು ಒಲೆಯೊಳಗೇ ಕುಸಿಯುತ್ತಿತ್ತು.

ಬೆರ್ತಲಾನ್ ಹಲ್ಮೋಶ್ ಹುಟ್ಟಾ ಅಕ್ಕಸಾಲಿ. ಅಪ್ಪ, ಅಜ್ಜ ಮಾಡಿದ ಉಂಗುರ ಇಲ್ಲದ ಬೆರಳು ಊರಲ್ಲಿರಲಿಲ್ಲ. ಯುದ್ಧ ಮುಗಿದ ಮೇಲೆ ಸರಕಾರ ಅಂಗಡಿ ತೆಗೆದುಕೊಂಡಿತು. ಬಂಗಾರ ಮುಟ್ಟುವಂತಿಲ್ಲ ಎಂದಿತು. ಕೂದಲೆಳೆಯಂಥ ತಂತಿ ಎಳೆಯುತ್ತಿದ್ದ ಕೈ ಊರಾಚೆಯ ಪಾತ್ರೆ ಕಾರ್ಖಾನೆಯಲ್ಲಿ ಬಾಣಲೆಗಳನ್ನು ನೀಲಿ ಎನಾಮಲ್ ಗಂಜಿಯಲ್ಲಿ ಅದ್ದುವ ಕೆಲಸಕ್ಕೆ ಬಿತ್ತು. ಅದ್ದುತ್ತ ಅದ್ದುತ್ತ ವರ್ಷಗಳು ಹೋದವು. ಒಂದು ದಿನ ಊಟದ ಬಿಡುವಿನಲ್ಲಿ, ಮೂಲೆಗೆಸೆದಿದ್ದ ಸೊಟ್ಟ ಮುಚ್ಚಳವೊಂದರ ಮೇಲೆ ಉಳಿದ ಬಣ್ಣಗಳಿಂದ ಹುಂಜದ ಚಿತ್ರ ಬರೆದು ಸುಟ್ಟ. ಮೇಸ್ತ್ರಿ ನಕ್ಕು, ಅದನ್ನು ಕ್ಯಾಂಟೀನಿನಲ್ಲಿ ತೂಗುಹಾಕಿದ. ಅಲ್ಲಿಂದ ಕುಶಲಕರ್ಮಿಗಳ ಸಹಕಾರ ಸಂಘಕ್ಕೆ ಎನಾಮಲ್ಲಿನ ಪದಕ, ಕಿವಿಯೋಲೆ ಮಾಡಿಕೊಟ್ಟ. ಆಮೇಲೆ ತಾಮ್ರದ ಫಲಕಗಳ ಮೇಲೆ ಚಿತ್ರ. ಬುಡಾಪೆಸ್ಟಿನಲ್ಲಿ ಪ್ರದರ್ಶನ, ಒಂದು ಬಹುಮಾನ. ಈಗ ಅರುವತ್ತರ ಹೊಸ್ತಿಲಲ್ಲಿ ಊರಿನ ಹೊಸ ಕಲ್ಯಾಣ ಮಂದಿರದ ಇಡೀ ಗೋಡೆ ಅವನ ಪಾಲಿಗೆ ಬಂದಿತ್ತು. ಬಾಗಿಲಿನಷ್ಟು ದೊಡ್ಡ ಉಕ್ಕಿನ ತಗಡುಗಳು. ಸುತ್ತ ಹಣ್ಣಿನ ಮರ, ಹಕ್ಕಿ, ಸೂರ್ಯ. ನಡುವಿನ ತಗಡಿನಲ್ಲಿ ಮದುಮಕ್ಕಳು.

"ನಿಮ್ಮಪ್ಪ ಉಂಗುರ ಮಾಡ್ತಿದ್ದ. ನೀನು ಬಾಣಲೆಗೆ ಬಣ್ಣ ಬಳೀತೀಯ," ಎಂದು ಪಿರೋಶ್ಕ ಈಗಲೂ ಮಗನಿಗೆ ಹೇಳುವುದಿತ್ತು.

"ಬಾಣಲೆ ಅಲ್ಲಮ್ಮ, ಗೋಡೆ."

"ಗೋಡೆಯಷ್ಟು ದೊಡ್ಡ ಬಾಣಲೆ."

ಆ ದೊಡ್ಡ ತಗಡುಗಳು ಮನೆಯ ಕುಲುಮೆಯಲ್ಲಿ ಹಿಡಿಸುವುದಿಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಳಿಯ ಗೆಲ್ಲೇರ್ಟ್ ಮೇಲಿನವರ ಕೈಕಾಲು ಹಿಡಿದು, ಶನಿವಾರ ಪಾಳಿ ಮುಗಿದ ಮೇಲೆ ಅಲ್ಲಿನ ದೊಡ್ಡ ಕುಲುಮೆ ಬಳಸುವ ಅನುಮತಿ ಕೊಡಿಸಿದ್ದ. ಬಣ್ಣ ಹಾಕುವುದು ಮನೆಯಲ್ಲಿ, ಸುಡುವುದು ಕಾರ್ಖಾನೆಯಲ್ಲಿ. ತಗಡು ಎತ್ತುವುದಕ್ಕೆ ಎರಡು ಜೊತೆ ಕೈ ಬೇಕೇ ಬೇಕು. ಎರಡನೆಯ ಜೊತೆ ಗೆಲ್ಲೇರ್ಟ್‌ನದು.

ಹೀಗಾಗಿ ಇಲ್ಕಾ ಬಂದ ಎರಡನೇ ದಿನವೇ, ಎಂದಿನಂತೆ, ಅವನೂ ಬಂದ.

"ಊಟಕ್ಕೆ ತಟ್ಟೆ ಎಷ್ಟಿಡ್ಲಿ?" ಎಂದು ಎತೆಲ್ಕ ಗಂಡನನ್ನು ಪಿಸುದನಿಯಲ್ಲಿ ಕೇಳಿದಳು.

"ಯಾಕೆ, ಜನ ಎಷ್ಟಿದಾರೋ ಅಷ್ಟು."

ಐದು ತಟ್ಟೆ ಇಟ್ಟಳು. ಹುಳಿ ಚೆರ್‍ರಿ ಹಣ್ಣಿನ ತಣ್ಣನೆ ಸೂಪು, ಆಮೇಲೆ ಕೋಳಿ ಪಲ್ಯ. ಇಲ್ಕಾ ಎದ್ದು ಎಲ್ಲರಿಗೂ ಸೂಪು ಬಡಿಸಿದಳು. ಗಂಡನ ತಟ್ಟೆಗೂ ಬಡಿಸಿದಳು. ಅವನು "ಸಾಕು" ಎಂದ. ಅವಳು ನಿಲ್ಲಿಸಿದಳು.

"ಇವನು ಈಗ ಮನೆ ಅಳಿಯನೋ, ಬಂದ ನೆಂಟನೋ?" ಪಿರೋಶ್ಕ ಚಮಚ ಎತ್ತಿ ಕೇಳಿದಳು. "ನೆಂಟನಾದ್ರೆ ಕೋಳಿ ಕಾಲು ಅವನಿಗೆ ಕೊಡ್ಬೇಕಾಗತ್ತೆ."

"ಅಜ್ಜಿ, ಕಾಲು ನೀವೇ ತಿನ್ನಿ," ಎಂದ ಗೆಲ್ಲೇರ್ಟ್. ಆಮೇಲೆ ಬೆರ್ತಲಾನ್ ಕಡೆ ತಿರುಗಿ, "ಮೇಷ್ಟ್ರೇ, ಆ ಹಸಿರು ಹೋದ ಸಲ ಅಂಚಲ್ಲಿ ಗುಳ್ಳೆ ಎದ್ದಿತ್ತಲ್ಲ, ಪುಡಿ ಸರಿಯಾಗಿ ತೊಳೆದಿರಲಿಲ್ಲ ಅನ್ಸತ್ತೆ," ಎಂದ.

"ತೊಳೆದಿದ್ದೆ. ಒಣಗಿರಲಿಲ್ಲ."

ಇಬ್ಬರೂ ಹಸಿರಿನ ವಿಷಯ ಮಾತಾಡುತ್ತ ಕೋಳಿ ಮುಗಿಸಿ, ಮೀಸೆ ಒರೆಸಿಕೊಂಡು ತಗಡಿನ ಕಡೆ ಎದ್ದುಹೋದರು. ಇಲ್ಕಾ ತಟ್ಟೆ ತೊಳೆದಳು. ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಎತೆಲ್ಕಳಿಗೆ ಒಂದು ದಾರಿ ಸಿಗುತ್ತಿತ್ತು.

ಶನಿವಾರ ಅಂತೇನಿಲ್ಲ, ಮುಂದಿನ ವಾರಗಳಲ್ಲೂ ಅವನು ಮೊದಲಿನಂತೆ ಪ್ರತಿ ಸಂಜೆಯೂ ಬಂದ. ಇಲ್ಕಾ ಔಷಧದಂಗಡಿ ಕೆಲಸ ಮುಗಿಸಿ ಬರುವ ಹೊತ್ತಿಗೆ ಅವನ ಸೈಕಲ್ಲು ಗೇಟಿಗೆ ಒರಗಿರುತ್ತಿತ್ತು. ಒಂದು ಸಂಜೆ ಎತೆಲ್ಕ ಒಗೆದ ಹಾಸಿಗೆ ವಸ್ತ್ರ ಹಿಂಡಲು ಒಂದು ತುದಿ ಅವನ ಕೈಗೆ ಕೊಟ್ಟು, ತಿರುಚುತ್ತ ತಿರುಚುತ್ತ ಕೇಳಿಯೇಬಿಟ್ಟಳು.

"ಏನಪ್ಪಾ ನಡೀತಿರೋದು ನಿಮ್ಮಿಬ್ಬರ ಮಧ್ಯೆ?"

"ನಂಗೂ ಗೊತ್ತಿಲ್ಲ ಅತ್ತೆ. 'ನೀನು ನನ್ನ ಮದುವೆ ಆಗೇ ಇಲ್ಲ' ಅಂದಳು. ಆಗಿದೀನಲ್ಲ. ನೀವೆಲ್ಲ ಬಂದಿದ್ರಿ. ಬ್ಯಾಂಡು ಇತ್ತು."

"ಮತ್ತೆ ನೀನೇನಂದೆ?"

"ಬ್ಯಾಂಡು ಇತ್ತು ಅಂತಲೇ ಅಂದೆ."

"ಅದಕ್ಕವಳು?"

"ಸೂಟ್‌ಕೇಸು ತೆಗೆದಳು."

ಅವನು ಸುಳ್ಳು ಹೇಳುವ ಪೈಕಿಯಲ್ಲ. ಅವನ ಅಂಗಿಯ ಕಾಲರು ಕಪ್ಪಾಗಿದ್ದುದನ್ನು ಕಂಡು ಎತೆಲ್ಕ, "ಬಿಚ್ಚು, ಇದರ ಜೊತೆ ತೊಳೆದುಬಿಡ್ತೀನಿ," ಎಂದಳು. ಒಣಗಲು ಹಾಕಿದ ಅವನ ಅಂಗಿಯನ್ನು ಮರುದಿನ ಇಲ್ಕಾ ಇಸ್ತ್ರಿ ಮಾಡಿದಳು. ಅದನ್ನು ನೋಡಿ ಪಿರೋಶ್ಕ, "ಎತ್ತು ಏರಿಗೆ, ಕೋಣ ನೀರಿಗೆ ಅನ್ನೋದನ್ನ ಕಂಡಿದ್ದೆ. ಎರಡೂ ಒಂದೇ ಕಡೆ ಎಳೀತಾ ಗಾಡಿ ನಿಂತಿರೋದನ್ನ ಈಗ ಕಂಡೆ," ಎಂದಳು.

ಜಗಳ ಹತ್ತಿದ್ದು ನಡುವಿನ ತಗಡಿನ ದೆಸೆಯಿಂದ.

ಇಲ್ಕಾ ಕೆಲಸದ ಕೋಣೆಗೆ ಕಾಲಿಡುತ್ತಿರಲಿಲ್ಲ. ಒಂದು ಭಾನುವಾರ ಕಾಫಿ ಕೊಡಲು ಹೋದವಳು ಅಲ್ಲೇ ನಿಂತಳು. ಗೋಡೆಗೆ ಒರಗಿಸಿದ್ದ ತಗಡಿನಲ್ಲಿ ಮದುಮಗ ಗೆಲ್ಲೇರ್ಟ್. ಅವನ ಪಕ್ಕದಲ್ಲಿ ಕೆಂಪು ಹೂವಿನ ಕಿರೀಟ ತೊಟ್ಟವಳು ತಾನೇ. ಎತೆಲ್ಕ ಹಿಂದೆಯೇ ಬಂದಿದ್ದಳು.

"ಅಪ್ಪಾ, ಇದ್ಯಾರು?"

"ಮದುಮಗಳು."

"ನನ್ನ ಮೂಗು ನಂಗೆ ಗೊತ್ತಾಗಲ್ವಾ?"

"ನಿಮ್ಮ ಮದುವೆ ಫೋಟೊ ನೋಡಿ ಬರೆದೆ. ಬೇರೆ ಯಾರು ಸಿಗ್ತಾರೆ ನಂಗೆ?"

"ತೆಗೆದುಹಾಕು."

"ಒಂದು ಸಲ ಸುಟ್ಟಾಗಿದೆ ಇಲ್ಕಾ. ಇದು ಸೀಮೆಸುಣ್ಣ ಅಲ್ಲ, ಒರೆಸಿದ್ರೆ ಹೋಗೋಕೆ. ಗಾಜು. ಉಕ್ಕನ್ನ ಕಚ್ಚಿ ಹಿಡಿದಿದೆ."

"ಹಾಗಾದ್ರೆ ಇಡೀ ಊರಿನ ಹುಡುಗೀರು ನನ್ನ ಮುಖ ನೋಡ್ಕೊಂಡು ಮದುವೆ ಆಗ್ಬೇಕಾ? ನಾನು ನೋಡಿದ್ರೆ ತವರಲ್ಲಿ ತಟ್ಟೆ ತೊಳೀತಾ ಇದೀನಿ."

"ಅದನ್ನ ನೀನು ಮುಂಚೆ ಯೋಚನೆ ಮಾಡ್ಬೇಕಿತ್ತು," ಎಂದ ಬೆರ್ತಲಾನ್. ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಅರ್ಥವಾಗದವನಂತೆ ಕೈಯಲ್ಲಿದ್ದ ಕುಂಚ ನೋಡಿಕೊಂಡ.

ಗೆಲ್ಲೇರ್ಟ್ ಮೂಲೆಯಲ್ಲಿ ಒರಳಿನಲ್ಲಿ ಗಾಜು ಅರೆಯುತ್ತಿದ್ದ. ಇಲ್ಕಾ ಅವನತ್ತ ತಿರುಗಿದಳು. "ನೀನೇನೂ ಹೇಳಲ್ವಾ?"

"ಚೆನ್ನಾಗಿ ಬಂದಿದೆ," ಎಂದ ಅವನು.

ಇಲ್ಕಾ ಕಾಫಿ ಬಟ್ಟಲುಗಳನ್ನು ಹಾಗೆಯೇ ವಾಪಸು ತೆಗೆದುಕೊಂಡು ಹೋದಳು.

ಅದೇ ವಾರ ನಗರ ಸಭೆಯ ಸಂಸ್ಕೃತಿ ವಿಭಾಗದ ಕಾಮ್ರೇಡ್ ವಾದಾಸ್ ಕೆಲಸ ನೋಡಲು ಬಂದ. ತೆಳ್ಳಗಿನ ಮನುಷ್ಯ, ಒಳ್ಳೆಯವನೇ. ಎತೆಲ್ಕಳ ಏಪ್ರಿಕಾಟ್ ಬ್ರಾಂಡಿಯನ್ನು ಬೇಡವೆನ್ನದೆ ಕುಡಿದು, ತಗಡಿನ ಮುಂದೆ ತಲೆ ಅತ್ತಿತ್ತ ಓಲಾಡಿಸಿದ.

"ಚೆಂದ ಇದೆ. ಮದುಮಗಳು ಸ್ವಲ್ಪ... ಸಂತೋಷವಾಗಿರಬಹುದಿತ್ತೇನೋ."

"ಸಂತೋಷವಾಗೇ ಇದಾಳಲ್ಲ."

"ಇದಾಳೆ, ಇಲ್ಲ ಅನ್ನಲ್ಲ. ಆದ್ರೆ ಸಮಿತಿಯವರಿಗೆ ದೂರದಿಂದ ಕಾಣ್ಬೇಕು. ಸೆಪ್ಟೆಂಬರ್ ಮೊದಲ ಶನಿವಾರ ಉದ್ಘಾಟನೆ, ನೆನಪಿರ್ಲಿ."

ಬೆರ್ತಲಾನ್ ಆ ತುಟಿಯ ಮೇಲೆ ಹಸಿ ಬಣ್ಣದಲ್ಲಿ ಗೆರೆ ಎಳೆದ, ಒರೆಸಿದ, ಮತ್ತೆ ಎಳೆದ. ಮಗಳನ್ನು ಕರೆದು, "ಏನು ಮಾಡ್ಲಿ?" ಎಂದು ಕೇಳಿದ. "ನಿಂಗೆ ತಿಳಿದ ಹಾಗೆ ಮಾಡು," ಎಂದಳು ಅವಳು. ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಊಟಕ್ಕೆ ಬಂದರೆ ಚಮಚದ ಹಿಂಬದಿಯಿಂದ ಮೇಜುಬಟ್ಟೆಯ ಮೇಲೆ ತುಟಿ ಬರೆಯುತ್ತ ಕೂರುತ್ತಿದ್ದ.

ಇಲ್ಕಾ ಬಾಯಿಬಿಟ್ಟಿದ್ದು ಟೊಮೇಟೊ ಕಾಲ ಬಂದಾಗ. ತಾಯಿ ಮಗಳು ಒಳಗಿನ ಅಡಿಗೆಮನೆಯಲ್ಲಿ ಬೆಂದ ಹಣ್ಣನ್ನು ಜರಡಿಯಲ್ಲಿ ಉಜ್ಜುತ್ತಿದ್ದರು. ಇಬ್ಬರ ಮೊಳಕೈವರೆಗೂ ಕೆಂಪು.

"ಅವನು ಅಪ್ಪನ್ನ ಏನಂತ ಕರೀತಾನೆ ಹೇಳು."

"ಮೇಷ್ಟ್ರೇ ಅಂತ."

"ಮಾವ ಅಂತ ಯಾವತ್ತಾದ್ರೂ ಕರೆದಿದಾನಾ?"

ಎತೆಲ್ಕ ಯೋಚಿಸಿದಳು. ಕರೆದಿರಲಿಲ್ಲ.

"ಮದುವೆ ಆದಾಗಿಂದ ದಿನಾ ಸಂಜೆ ಅವನು ಇಲ್ಲಿ. ನಾನು ಅಲ್ಲಿ ಊಟ ಮಾಡಿಟ್ಟು ಕಾಯ್ತಿದ್ದೆ. ಬರ್ತಿದ್ದ, ತಿಂತಿದ್ದ, 'ಇವತ್ತು ಕೆಂಪು ಏನು ಬಂತು ಗೊತ್ತಾ' ಅಂತಿದ್ದ. ಅವನು ಹೆಣ್ಣು ನೋಡೋಕೆ ಬಂದದ್ದಲ್ಲಮ್ಮ. ಅಪ್ಪನ್ನ ನೋಡೋಕೆ ಬಂದ. ನಾನು ಬಾಗಿಲು ತೆಗೆದೆ, ಅಷ್ಟೆ."

"ಅದಕ್ಕೆ ಬಿಟ್ಟು ಬಂದ್ಯಾ?"

"ಅದಕ್ಕೆ ಬಂದೆ."

"ಬಿಟ್ಟು ಬಂದ್ಯೋ, ಅವನಿರೋ ಕಡೆ ಬಂದ್ಯೋ?"

ಜರಡಿ ನಿಂತಿತು. "ಗೊತ್ತಿಲ್ಲಮ್ಮ," ಎಂದಳು ಇಲ್ಕಾ. "ಇಲ್ಲಿದ್ರೆ ಸಂಜೆ ಆದ್ರೂ ಕಾಣ್ತಾನೆ. ಕಂಡ್ರೆ ಸಿಟ್ಟು ಬರತ್ತೆ. ಕಾಣದೇ ಇದ್ರೆ ಗೇಟಿನ ಕಡೆ ಕಿವಿ."

ಎತೆಲ್ಕ ಮತ್ತೆ ಹಣ್ಣು ಉಜ್ಜತೊಡಗಿದಳು. ತನಗೆ ಮದುವೆಯಾಗಿ ಮೂವತ್ತು ವರ್ಷವೇ ಆಗಿತ್ತು. ಗಂಡ ಕಾರ್ಖಾನೆಯಿಂದ ಬಂದು, ಉಂಡು, ಮುಚ್ಚಳಗಳ ಮೇಲೆ ಹುಂಜ ಬರೆಯುತ್ತ ಕೂತ ಸಂಜೆಗಳಲ್ಲಿ ತಾನು ಏನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಏನೋ ಹೊಲಿಯುತ್ತಿದ್ದಳು. ಸಿಟ್ಟು ಬಂದಿತ್ತೋ ಇಲ್ಲವೋ ನೆನಪಾಗಲಿಲ್ಲ.

ಆಗ ಕೆಲಸದ ಕೋಣೆಯಲ್ಲಿ ಬಣ್ಣದ ತುಣುಕೊಂದನ್ನು ಸುಟ್ಟು ನೋಡಲು ಸಣ್ಣ ಕುಲುಮೆ ಹಚ್ಚಿದರು. ಫ್ಯೂಸು ಹಾರಿತು. ಕರೆಂಟು ಒಲೆಯ ತಟ್ಟೆ ತಣ್ಣಗಾಗತೊಡಗಿತು, ಅದರ ಮೇಲೆ ಕಡಾಯಿ ತುಂಬ ಟೊಮೇಟೊ ರಸ.

ಎತೆಲ್ಕ ಕಡಾಯಿಯ ಎರಡೂ ಕಿವಿಗಳಿಗೆ ಬಟ್ಟೆ ಸುತ್ತಿ ಎತ್ತಿಕೊಂಡು ಅಂಗಳ ದಾಟಿದಳು. ಕೆಲಸದ ಕೋಣೆಯ ಬಾಗಿಲನ್ನು ಬೆನ್ನಿನಿಂದ ತಳ್ಳಿ, ಪುಡಿಯ ಡಬ್ಬಿಗಳ ನಡುವೆ ಮೇಜಿನ ಮೇಲೆ ಕಡಾಯಿ ಕುಕ್ಕಿದಳು.

"ಇದು ನನ್ನ ಅಡಿಗೆಮನೆ," ಎಂದಳು. "ಇದರಲ್ಲಿ ನಿನ್ನ ಅಮ್ಮ ಜಾಮು ಕಾಸಿದಾಳೆ, ನಾನು ಕಾಸಿದೀನಿ. ಈ ಡಬ್ಬಿಗಳನ್ನೆಲ್ಲ ಈಗಲೇ ತೆಗಿ."

"ಎತೆಲ್ಕ, ಇನ್ನೆರಡು ವಾರ—"

"ಎರಡು ವಾರ ಟೊಮೇಟೊ ಕಾಯಲ್ಲ. ಗೆಲ್ಲೇರ್ಟ್, ನೀನು ಇಲ್ಲಿ ಕೇಳು. ನಾಳೆಯಿಂದ ಈ ಮನೆಗೆ ಬರಬೇಡ. ಕುಲುಮೆ ನೋಡ್ಬೇಕಾ, ಕಾರ್ಖಾನೇಲಿದೆ. ಊಟ ಬೇಕಾ, ನಿನ್ನ ಮನೇಲಿ ಒಲೆ ಇದೆ, ಹಚ್ಚು. ಅಂಗಿ ಕೊಳೆಯಾದ್ರೆ ಒಗ್ಕೋ. ಯಾರನ್ನ ನೋಡೋಕೆ ಬರ್ತೀಯ ಅಂತ ಗೊತ್ತಾದ ಮೇಲೆ ಬಾ."

ಗೆಲ್ಲೇರ್ಟ್ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕಡಾಯಿಯ ಮುಖ ನೋಡುತ್ತಿದ್ದರು. ಅವನು ಒರಳನ್ನು ತೊಳೆದು, ಬೋರಲು ಹಾಕಿ, ಸೈಕಲ್ಲು ಹತ್ತಿ ಹೋದ.

"ಬಂತು ನೋಡು ಈ ಮನೆಗೊಂದು ನಾಲಿಗೆ," ಎಂದಳು ಪಿರೋಶ್ಕ ಬೆಂಚಿನಿಂದ.

ಮಗಳು ತನ್ನ ಕೈ ಹಿಡಿದುಕೊಳ್ಳಬಹುದು ಎಂದುಕೊಂಡಿದ್ದಳು ಎತೆಲ್ಕ. ಇಲ್ಕಾ ಸಂಜೆಯೆಲ್ಲ ಅವಳೊಂದಿಗೆ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಯಾಕಮ್ಮ ಓಡಿಸಿದೆ ಅವನನ್ನ?" ಎಂದಳು.

"ನಿನಗೋಸ್ಕರ."

"ನಾನು ಹೇಳಿದ್ನಾ?"

"ಇನ್ನೇನು ಹೇಳಿದೆ ನೀನು? ಬಂದ್ರೆ ಸಿಟ್ಟು, ಬರದಿದ್ರೆ ಸಿಟ್ಟು. ನಾನೇನು ಜ್ಯೋತಿಷ್ಯ ಓದಿದೀನಾ?"

"ಅವನಾಗೇ ನಿಲ್ಲಿಸ್ಬೇಕಿತ್ತು. ನೀನು ಹೇಳಿದ್ದಕ್ಕೆ ನಿಂತ. ನಾಳೆ ನೀನು ಬಾ ಅಂದ್ರೆ ಬರ್ತಾನೆ. ಅದರಲ್ಲಿ ನಾನೆಲ್ಲಿದೀನಿ?"

ಆ ವಾರದ ಕೊನೆಗೆ ಅವಳು ಸೊಲ್ನೋಕ್ ಊರಿನ ಔಷಧದಂಗಡಿಗೆ ವರ್ಗ ಕೇಳಿ ಪಡೆದು, ಅಲ್ಲೊಂದು ಬಾಡಿಗೆ ಕೋಣೆ ಗೊತ್ತುಮಾಡಿಕೊಂಡು ಹೊರಟಳು. ರೈಲು ನಿಲ್ದಾಣದಲ್ಲಿ ಎತೆಲ್ಕ ಜಾಮಿನ ಶೀಶೆಗಳನ್ನು ಅವಳ ಚೀಲಕ್ಕೆ ತುರುಕಿದಳು. ಇಬ್ಬರೂ ಅತ್ತರು.

ಸುದ್ದಿ ಕಾರ್ಖಾನೆಗೆ ಹೇಗೋ ಮುಟ್ಟಿತು. ಗೆಲ್ಲೇರ್ಟ್ ಗೇಟಿನ ಹೊರಗೇ ನಿಂತು ಗಂಟೆ ಬಾರಿಸಿದ. ಅಂಗಿ ಇಸ್ತ್ರಿಯಾಗಿತ್ತು, ಅದರ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ.

"ವಿಳಾಸ ಕೊಡ್ತೀರಾ ಅತ್ತೆ?"

ಬೆರ್ತಲಾನ್ ಒಳಗಿನಿಂದ ಓಡಿಬಂದ. "ಬಂದ್ಯಾ? ಒಳ್ಳೇದಾಯ್ತು. ನಡುವಿನ ತಗಡು ಮಾತ್ರ ಉಳಿದಿರೋದು. ನಾಳೆ ಹಬ್ಬ, ಕುಲುಮೆ ಇಡೀ ದಿನ ಖಾಲಿ."

"ನಾನು ಸೊಲ್ನೋಕ್‌ಗೆ ಹೋಗ್ತಿದೀನಿ, ಮೇಷ್ಟ್ರೇ." ತಡೆದು, "ಮಾವ," ಎಂದ. ಅದು ಅವನ ಬಾಯಲ್ಲಿ ಹೊಸ ಬೂಟಿನಂತೆ ಕಚ್ಚಿತು.

"ಹಬ್ಬ ಮುಗಿಸ್ಕೊಂಡು ಹೋಗು. ಒಂದೇ ದಿನ."

"ಇಲ್ಲ."

"ಮೂರು ವರ್ಷ ನಿಂಗೆ ಕಲಿಸಿದೀನಿ."

"ಹೌದು."

"ಅವಳು ಬಾಗಿಲು ತೆಗೀದಿದ್ರೆ?"

"ಗೊತ್ತಿಲ್ಲ," ಎಂದ ಗೆಲ್ಲೇರ್ಟ್.

ಎತೆಲ್ಕ ವಿಳಾಸ ಹೇಳಿದಳು. ಬೆರ್ತಲಾನ್ ಹೆಂಡತಿಯ ಕಡೆಗೂ ಅಳಿಯನ ಬೆನ್ನಿನ ಕಡೆಗೂ ನೋಡಿ, "ಎಲ್ಲ ಸೇರಿ ನನ್ನ ಕೈ ಕಡಿದ್ರಿ," ಎಂದು ಒಳಗೆ ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ರಾತ್ರಿಯ ಊಟಕ್ಕೂ ಏಳಲಿಲ್ಲ.

ಮರುದಿನ ಆಗಸ್ಟ್ ಇಪ್ಪತ್ತು, ಹೊಸ ಗೋಧಿಯ ಬ್ರೆಡ್ಡಿನ ಹಬ್ಬ. ಊರೆಲ್ಲ ಚೌಕದಲ್ಲಿತ್ತು. ಬೆಳಿಗ್ಗೆ ಎತೆಲ್ಕ ಅತ್ತೆಗೆ ಬ್ರೆಡ್ಡು, ಹಂದಿಕೊಬ್ಬು, ಈರುಳ್ಳಿ ಕೊಟ್ಟು, ಗಂಡನ ಹಳೇ ಬೂಟು ಹಾಕಿಕೊಂಡು ಬಂದು ಮಂಚದ ಪಕ್ಕ ನಿಂತಳು.

"ಏಳು. ತಗಡು ಎತ್ತೋಣ."

"ನಿನ್ನ ಕೈಲಿ ಆಗಲ್ಲ."

"ಟೊಮೇಟೊ ಕಡಾಯಿ ಎತ್ತಿದ್ದು ನೋಡ್ಲಿಲ್ವಾ? ನಂಗೆ ಸಿಟ್ಟು ಹೋಗಿಲ್ಲ. ಆದ್ರೆ ಅದು ಅರ್ಧ ಆಗಿ ನಿಂತಿರೋದನ್ನ ನೋಡೋಕೆ ಆಗ್ತಿಲ್ಲ."

ಇಬ್ಬರೂ ತಗಡನ್ನು ಕೈಗಾಡಿಯಲ್ಲಿ ಮೆಲ್ಲಗೆ ತಳ್ಳಿಕೊಂಡು ಹೋದರು. ಕಾರ್ಖಾನೆಯಲ್ಲಿ ಸೊಂಟ ಬಿದ್ದ ಒಬ್ಬ ಕಾವಲುಗಾರ ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟು ವರ್ಷದಲ್ಲಿ ಎತೆಲ್ಕ ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಬಣ್ಣ ಉದುರದಂತೆ ತಗಡನ್ನು ಎತ್ತಿ ಕುಲುಮೆಯ ಗಾಡಿಯ ಮೇಲಿಟ್ಟು ಅದರ ಬಾಯೊಳಗೆ ತಳ್ಳಿದರು. "ಮೆಲ್ಲಗೆ, ಎಡಕ್ಕೆ, ನಿನ್ನ ಎಡಕ್ಕೆ ಮಾರಾಯ್ತಿ," ಎನ್ನುತ್ತ ಬೆರ್ತಲಾನ್ ಬೆವರಿ ಹೋದ. ಕೆಲವು ನಿಮಿಷ ಕಳೆದು ಬಾಗಿಲು ತೆರೆದಾಗ ಮುಖಕ್ಕೆ ಬಡಿದ ಬಿಸಿಗೆ ಉಸಿರು ನಿಂತಂತಾಯಿತು.

ಹೊರಗೆಳೆದ ತಗಡಿನಲ್ಲಿ ಚಿತ್ರವೇ ಇರಲಿಲ್ಲ. ಇಡೀ ಹಲಗೆ ಕೆಂಡದ ಹಾಗೆ ಉರಿಯುತ್ತಿತ್ತು. ಎತೆಲ್ಕ ಗಾಬರಿಯಾದಳು.

"ಹಾಳಾಯ್ತಾ?"

"ಇಲ್ಲ. ನೋಡ್ತಿರು."

ಕೆಂಪು ಇಳಿದು ಎಲ್ಲ ಕಪ್ಪಾಯಿತು. ಕಪ್ಪಿನ ಅಂಚಿನಿಂದ ಮೊದಲು ಬಿಳಿ ಬಂತು, ಆಮೇಲೆ ನೀಲಿ, ಹಸಿರು. ಕಿರೀಟದ ಹೂವುಗಳು ಬಹಳ ಹೊತ್ತು ಇದ್ದಲಿನ ಹಾಗಿದ್ದು ಒಂದೊಂದಾಗಿ ಕೆಂಪಾದವು. ಅಳಿಯನ ಕೈ, ಮಗಳ ಹಣೆ, ಮೂಗು. ಇಬ್ಬರು ಗಂಡಸರೂ ದಿನಾ ಸಂಜೆ ಇದನ್ನು ನೋಡುತ್ತಿದ್ದರೆ, ಮನೆಗೆ ಬಂದು ಸೂಪಿನ ತಟ್ಟೆಯಲ್ಲಿ ಇನ್ನೇನು ಕಂಡೀತು ಅವರಿಗೆ ಎನಿಸಿತು ಎತೆಲ್ಕಳಿಗೆ. ಹಾಗೆ ಎನಿಸಿದ್ದಕ್ಕೆ ಸಮಾಧಾನವೂ ಆಯಿತು, ಇನ್ನಷ್ಟು ಸಿಟ್ಟೂ ಬಂತು. ಕೊನೆಗೆ ತುಟಿ ಕಂಡಿತು.

"ನಗ್ತಿದಾಳಾ ಇವಳು?"

"ತಣ್ಣಗಾಗ್ಲಿ. ಬಿಸಿಯಲ್ಲಿ ಏನೂ ಹೇಳೋಕಾಗಲ್ಲ."

ಇಬ್ಬರೂ ಬೋರಲು ಹಾಕಿದ ಡಬ್ಬಿಗಳ ಮೇಲೆ ಕೂತು ಕಾದರು. ಚೌಕದ ಬ್ಯಾಂಡಿನ ಸದ್ದು ಗಾಳಿ ಬಂದಾಗ ಕೇಳುತ್ತಿತ್ತು. ಬೆರ್ತಲಾನ್ ಎದ್ದು ತಗಡಿನ ಅಂಚಿಗೆ ಕೈಯಿಟ್ಟು ನೋಡಿದ.

"ತಣ್ಣಗಾಯ್ತು."

ಎತೆಲ್ಕ ಹತ್ತಿರ ಹೋಗಿ ನೋಡಿದಳು, ದೂರದಿಂದಲೂ ನೋಡಿದಳು. ಹುಡುಗಿ ನಗಲಿಕ್ಕೆ ಹೊರಟಿದ್ದಳೋ, ಏನೋ ಕೇಳಲಿಕ್ಕೆ ಬಾಯಿ ತೆರೆಯುತ್ತಿದ್ದಳೋ ತಿಳಿಯಲಿಲ್ಲ.

"ನೀನು ಏನಂತ ಬರೆದೆ?"

"ಗೊತ್ತಿಲ್ಲ ಎತೆಲ್ಕ. ಕೊನೇ ಸಲ ಹೇಗೆ ಬಂತೋ ಹಾಗೆ ಬಿಟ್ಟೆ." ಅವನು ತಲೆ ಕೆರೆದುಕೊಂಡ. "ಇನ್ನೊಂದು ಸಲ ಸುಡಬಹುದು. ತುಟಿ ತುದಿ ಒಂಚೂರು ಮೇಲೆತ್ತಿದ್ರೆ ವಾದಾಸ್‌ಗೂ ಸಮಾಧಾನ."

ಎತೆಲ್ಕ ಮಗಳ ಮುಖವನ್ನು ಮತ್ತೊಮ್ಮೆ ನೋಡಿದಳು.

"ಬೇಡ," ಎಂದಳು. "ಮದುವೆ ಆಗೋಕೆ ಬರೋರು ಹೀಗೇ ನೋಡ್ಲಿ. ಆ ಕಡೆ ಹಿಡಿ."